ಮಂಗಳನ ಮಣ್ಣೂ ನಮ್ಮೂರ ಓದುಗರೂ

ಜನ ಮುಗಿಬಿದ್ದು ಓದಿದ ಕಾದಂಬರಿಯನ್ನು ಕುರಿತು ನಮ್ಮ ವಿಮರ್ಶಕರು ಆಡುವ ಮಾತು ಎರಡೇ ಬಗೆ. ಒಂದು, ಅದು ಸಾಹಿತ್ಯವಲ್ಲ ಎಂಬುದು. ಇನ್ನೊಂದು, ಜನಕ್ಕೆ ಬೇಕಾದದ್ದು ಅಷ್ಟೇ ಎಂಬುದು. ಎರಡರಲ್ಲಿಯೂ ಓದಿದವನನ್ನು ಕೇಳುವ ಗೋಜಿಲ್ಲ. ಓದುಗನು ಆ ಪುಸ್ತಕದಲ್ಲಿ ಏನನ್ನು ಕಂಡ, ಎಲ್ಲಿ ತಡೆದ, ಯಾವ ಪುಟದಲ್ಲಿ ‘ಇದು ಸುಳ್ಳು’ ಎಂದು ಬೆರಳಿಟ್ಟ ಎಂಬುದನ್ನು ವಿಚಾರಿಸಿದರೆ ವಿಮರ್ಶೆಯ ಘನತೆಗೆ ಕುಂದು ಬರುವುದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕನ್ನಡನಾಡಿನ ಜನ ಶಾಸ್ತ್ರ ಓದದೆಯೂ ಕಾವ್ಯದ ಮರ್ಮವನ್ನು ಬಲ್ಲರೆಂದು ‘ಕವಿರಾಜಮಾರ್ಗ’ ಹೇಳಿದ ಮಾತನ್ನು ಪ್ರತಿವರ್ಷವೂ ತರಗತಿಯಲ್ಲಿ ಪಾಠ ಹೇಳುತ್ತೇವೆ. ಆ ಗ್ರಂಥ ತಿರುಳ್ಗನ್ನಡದ ನಾಡೆಂದು ಹೆಸರಿಸುವ ಊರುಗಳಲ್ಲಿ ಒಂದಾದ ಕೊಪ್ಪಳ ನಮ್ಮ ಸೀಮೆಗೆ ನೆರೆಯೇ. ಪಾಠ ಹೇಳಿ ಮುಗಿಸಿದ ಮೇಲೆ ಆ ಜನರ ಅಭಿಪ್ರಾಯ ಕೇಳುವುದನ್ನು ಮಾತ್ರ ಮರೆಯುತ್ತೇವೆ.

ಈ ಮಾತು ಬಂದದ್ದು ಒಂದು ಅಂತರಿಕ್ಷ ಕಾದಂಬರಿಯ ನಿಮಿತ್ತದಿಂದ. ಆಂಡಿ ವೀರ್ ಎಂಬ ಅಮೆರಿಕದ ಲೇಖಕ ಬರೆದ ‘ದ ಮಾರ್ಷಿಯನ್’ 2011ರಲ್ಲಿ ಪುಸ್ತಕವಾಯಿತು. 2014ರಲ್ಲಿ ದೊಡ್ಡ ಪ್ರಕಾಶಕರೊಬ್ಬರ ಕೈಯಿಂದ ಮತ್ತೆ ಹೊರಬಂದಿತು. 2015ರಲ್ಲಿ ಚಲಚ್ಚಿತ್ರವೂ ಆಯಿತು. ಕತೆ ನಡೆಯುವುದು ದೂರದ ಯುಗದಲ್ಲಲ್ಲ, ನಾಳೆ ನಾಡಿದ್ದು ಎಂಬಷ್ಟು ಹತ್ತಿರದ ಕಾಲದಲ್ಲಿ. ಮಂಗಳ ಗ್ರಹಕ್ಕೆ ಆರು ಮಂದಿ ಹೋಗಿದ್ದಾರೆ. ಇಳಿದ ಆರನೆಯ ದಿನವೇ ಬಿರುಗಾಳಿ ಎದ್ದು ಎಲ್ಲರೂ ಹಿಂದಿರುಗಬೇಕಾಗುತ್ತದೆ. ಮಾರ್ಕ್ ವಾಟ್ನಿ ಎಂಬ ಸಸ್ಯವಿಜ್ಞಾನಿ ಸತ್ತನೆಂದೇ ಬಗೆದು ಉಳಿದವರು ಹೊರಟುಹೋಗುತ್ತಾರೆ. ಆದರೆ ಆತ ಸತ್ತಿಲ್ಲ. ಮುಂದಿನ ನೌಕೆ ಬರುವುದು ನಾಲ್ಕು ವರ್ಷಕ್ಕೆ. ಅದು ಇಳಿಯುವ ಸ್ಥಳವಾದರೋ 3,200 ಕಿಲೋಮೀಟರ್ ಆಚೆ. ಅವನು ಇರುವ ಬಿಡಾರವನ್ನು ಕಟ್ಟಿದ್ದು 31 ದಿನದ ವಾಸಕ್ಕೆ. ಹಬ್ಬದೂಟಕ್ಕೆಂದು ತಂದಿದ್ದ 12 ಆಲೂಗಡ್ಡೆಗಳು ಅವನ ಬಳಿ ಇವೆ. ಇಷ್ಟನ್ನು ಕಟ್ಟಿಕೊಂಡು ಒಬ್ಬ ಮನುಷ್ಯ ಹೇಗೆ ಬದುಕಿ ಉಳಿದ ಎಂಬುದೇ ಕಾದಂಬರಿ.

ಇದರ ಒಂದು ಪ್ರತಿ ಬಳಗಾನೂರಿಗೆ ಬಂದು ಕೈಯಿಂದ ಕೈಗೆ ಓಡಾಡಿತು. ಇಂಗ್ಲಿಷ್ ಬಲ್ಲವರು ಓದಿದರು. ಕೆಲವರು ಸಿನಿಮಾ ನೋಡಿ ಆಮೇಲೆ ಪುಸ್ತಕ ತಿರುವಿದರು. ಓದಲಾರದ ಒಂದಿಬ್ಬರಿಗೆ ನಾನೇ ಕೆಲವು ಅಧ್ಯಾಯಗಳನ್ನು ಕನ್ನಡದಲ್ಲಿ ಹೇಳಿದೆ. ಅವರೆಲ್ಲರ ಅಭಿಪ್ರಾಯಗಳನ್ನು ಕಲೆಹಾಕಿದಾಗ, ಈ ಕೃತಿಯ ಮೇಲೆ ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳಲ್ಲಿ ಕಾಣದ ಕೆಲವು ಸಂಗತಿಗಳು ಹೊರಬಿದ್ದವು.

ಮೊದಲ ಆಕ್ಷೇಪ ಬಂದದ್ದು ಹೈಸ್ಕೂಲಿನ ವಿಜ್ಞಾನದ ಮಾಸ್ತರರಿಂದ. ಮಂಗಳನ ಮೇಲಿನ ವಾಯುವಿನ ಒತ್ತಡ ನಮ್ಮ ಭೂಮಿಯದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಅಲ್ಲಿ ಗಾಳಿ ಗಂಟೆಗೆ 175 ಕಿಲೋಮೀಟರ್ ವೇಗದಲ್ಲಿ ಬೀಸಿದರೂ ಮೈಗೆ ತಂಗಾಳಿ ಸೋಕಿದಂತಿರುತ್ತದೆಯೇ ಹೊರತು ನೌಕೆ ಉರುಳುವುದಿಲ್ಲ, ಲೋಹದ ಕಂಬಿ ಹಾರಿ ಬಂದು ಮನುಷ್ಯನನ್ನು ಇರಿಯುವುದಿಲ್ಲ. ಕತೆ ಹುಟ್ಟುವುದೇ ಈ ಬಿರುಗಾಳಿಯಿಂದ. ಅಂದಮೇಲೆ ಇಡೀ ಕಟ್ಟಡವೇ ಸುಳ್ಳಿನ ಪಾಯದ ಮೇಲೆ ನಿಂತಿತಲ್ಲ ಎಂದು ಅವರ ವಾದ. ವಾದ ಸರಿಯಾದುದೇ. ಕಾದಂಬರಿಕಾರನೂ ಇದನ್ನು ಮುಚ್ಚಿಟ್ಟಿಲ್ಲ. ಬರೆಯುವಾಗಲೇ ತನಗೆ ಗೊತ್ತಿತ್ತೆಂದೂ, ಪ್ರಕೃತಿಯೇ ಮನುಷ್ಯನಿಗೆ ಮೊದಲ ಹೊಡೆತ ಕೊಡಬೇಕೆಂದು ಬೇಕೆಂತಲೇ ಹಾಗೆ ಮಾಡಿದೆನೆಂದೂ ಆತ ಬಹಿರಂಗವಾಗಿಯೇ ಹೇಳಿದ್ದಾನೆ.

ನನಗೆ ತೋರುವ ಮಟ್ಟಿಗೆ, ಕತೆಯ ಹೊಸ್ತಿಲಲ್ಲಿ ಒಂದು ಸುಳ್ಳನ್ನು ಓದುಗ ಕ್ಷಮಿಸುತ್ತಾನೆ, ನಡುಮನೆಯಲ್ಲಿ ಕ್ಷಮಿಸುವುದಿಲ್ಲ. ಶಾಪವನ್ನೂ ವರವನ್ನೂ ಒಪ್ಪಿಕೊಂಡೇ ನಾವು ಪುರಾಣದ ಕತೆಯೊಳಕ್ಕೆ ಕಾಲಿಡುತ್ತೇವೆ. ಆಮೇಲೆ ಪಾತ್ರಗಳು ಮನುಷ್ಯರಂತೆ ನಡೆಯದಿದ್ದರೆ ಸಿಟ್ಟಾಗುತ್ತೇವೆ. ನಮ್ಮ ಆಲಂಕಾರಿಕರು ಔಚಿತ್ಯವೆಂದದ್ದು ಇದನ್ನೇ ಅಲ್ಲವೆ? ಆದರೆ ವೀರ್ ಮಹಾಶಯನ ವಿಷಯದಲ್ಲಿ ಒಂದು ತೊಡಕು ಉಂಟು. ಆತ ಓದುಗನೊಡನೆ ಮಾಡಿಕೊಂಡ ಒಪ್ಪಂದವೇ ಬೇರೆ. ‘ನನ್ನ ಲೆಕ್ಕವನ್ನು ತಾಳೆ ನೋಡು, ತಪ್ಪಿದ್ದರೆ ಹೇಳು’ ಎಂಬಂಥ ಒಪ್ಪಂದ ಅದು. ಕತೆಯನ್ನು ಆತ ಮೊದಲು ಕಂತುಕಂತಾಗಿ ಪುಕ್ಕಟೆಯಾಗಿ ಹಂಚಿದಾಗ, ರಸಾಯನಶಾಸ್ತ್ರ ಬಲ್ಲ ಓದುಗರು ತಪ್ಪುಗಳನ್ನು ತೋರಿಸಿದರು, ಆತ ತಿದ್ದಿದ. ಹೀಗೆ ಓದುಗರ ಅಭಿಪ್ರಾಯ ಕೃತಿಯ ಹೊರಗೆ ಉಳಿಯದೆ ಅದರ ಒಡಲೊಳಕ್ಕೇ ಸೇರಿಕೊಂಡಿತು. ಅಂಥ ಕೃತಿಯನ್ನು ಓದುಗರ ಅಭಿಪ್ರಾಯವಿಲ್ಲದೆ ಅಳೆಯಹೊರಡುವುದೇ ತಪ್ಪು.

ಇನ್ನು ನಡುಮನೆಯ ಮಾತಿಗೆ ಬರೋಣ. ಈ ಕಾದಂಬರಿಯ ನಡುಮನೆ ಆಲೂಗಡ್ಡೆಯ ಹೊಲ. ವಾಟ್ನಿ ಮಂಗಳನ ಮಣ್ಣನ್ನು ಬಿಡಾರದೊಳಕ್ಕೆ ಹೊತ್ತು ತರುತ್ತಾನೆ. ಅದು ಜೀವವಿಲ್ಲದ ಮಣ್ಣು. ಭೂಮಿಯಿಂದ ಪ್ರಯೋಗಕ್ಕೆಂದು ತಂದಿದ್ದ ಒಂದಿಷ್ಟು ಮಣ್ಣನ್ನು ಹೆಪ್ಪು ಹಾಕಿದಂತೆ ಅದಕ್ಕೆ ಬೆರೆಸುತ್ತಾನೆ. ಮನುಷ್ಯರ ಮಲವನ್ನೇ ಗೊಬ್ಬರ ಮಾಡುತ್ತಾನೆ. ಒಟ್ಟು 126 ಚದರ ಮೀಟರ್ ಸಾಗುವಳಿ ಮಾಡುತ್ತಾನೆ. ನೀರು ಸಾಲದಾದಾಗ, ಇಳಿಯುವ ನೌಕೆಯಲ್ಲಿ ಉಳಿದಿದ್ದ ಹೈಡ್ರಜೀನ್ ಎಂಬ ಇಂಧನವನ್ನು ಒಡೆದು ಜಲಜನಕವನ್ನು ತೆಗೆದು, ಅದನ್ನು ಉರಿಸಿ ನೀರು ಮಾಡುತ್ತಾನೆ. ಈ ಕೆಲಸದಲ್ಲಿ ಒಮ್ಮೆ ಸ್ಫೋಟವೂ ಆಗುತ್ತದೆ. ಒಂದು ಹನಿ ನೀರಿಗೆ ಜೀವವನ್ನು ಪಣವಿಡುವ ಈ ಭಾಗ ಬಹು ಸ್ವಾರಸ್ಯವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಬೇಸಾಯವೂ ರೋಮಾಂಚಕ ಕತೆಯಾಗಬಲ್ಲದು ಎಂದು ನಗರದ ಓದುಗರಿಗೆ ಇದರಿಂದ ಗೊತ್ತಾಯಿತು. ನಮ್ಮ ಕಡೆಯವರಿಗೆ ಅದು ಹೊಸ ಸುದ್ದಿಯೇನಲ್ಲ.

ಈ ಅಧ್ಯಾಯಗಳನ್ನು ನಮ್ಮೂರಿನ ಹಿರಿಯ ರೈತರೊಬ್ಬರಿಗೆ ಹೇಳಿದೆ. ಗೊಬ್ಬರದ ಸಂಗತಿಗೆ ಅವರು ತಲೆದೂಗಿದರು. ನೀರು ಮಾಡುವ ಸಂಗತಿಗೆ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅಲ್ರೀ ಮಾಸ್ತರ, ಆ ಮಣ್ಣು ಸವಳ ಐತೋ ಇಲ್ಲೋ, ಮೊದಲ ನೋಡಿದನೇನು?”

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ನಮ್ಮ ಸೀಮೆಯ ನೆಲದ ಪರಿಚಯ ಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಸಂಪತ್ತು ಬಂತು. ಆದರೆ ಎರೆಭೂಮಿಯಲ್ಲಿ ನೀರು ಸುಲಭವಾಗಿ ಬಸಿಯುವುದಿಲ್ಲ. ನಿಂತ ನೀರು ಕೆಳಗಿನ ಉಪ್ಪನ್ನು ಕರಗಿಸಿಕೊಂಡು ಮೇಲಕ್ಕೆ ತರುತ್ತದೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಕೆಲವು ವರ್ಷಗಳಲ್ಲಿ ಹೊಲದ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ, ಬಿತ್ತಿದ್ದು ಮೊಳೆಯುವುದಿಲ್ಲ. ಇದನ್ನೇ ಸವಳು-ಜವಳು ಎನ್ನುತ್ತಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ರೋಗಕ್ಕೆ ಮದ್ದು ಹುಡುಕುವ ಕೆಲಸ ಬಹುಕಾಲದಿಂದ ನಡೆದಿದೆ: ಜಿಪ್ಸಂ ಹಾಕುವುದು, ಹಸಿರೆಲೆ ಗೊಬ್ಬರ ಬೆಳೆಯುವುದು, ಎಲ್ಲಕ್ಕೂ ಮಿಗಿಲಾಗಿ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆದು ಹೊರಗೆ ಕಳಿಸುವುದು.

ಮಂಗಳನ ಮಣ್ಣು ಸವಳೇ. ನಮ್ಮ ಹೊಲದ ಸವಳಿಗಿಂತ ಕೆಟ್ಟ ಸವಳು. 2008ರಲ್ಲಿ ‘ಫೀನಿಕ್ಸ್’ ಎಂಬ ನೌಕೆ ಮಂಗಳನ ಉತ್ತರಧ್ರುವದ ಸಮೀಪ ಇಳಿದು ಮಣ್ಣನ್ನು ಪರೀಕ್ಷಿಸಿದಾಗ, ಅದರಲ್ಲಿ ಪರ್‌ಕ್ಲೋರೇಟ್ ಎಂಬ ಲವಣ ಇರುವುದು ಗೊತ್ತಾಯಿತು. ತೂಕದಲ್ಲಿ ನೂರಕ್ಕೆ ಸುಮಾರು ಅರ್ಧ ಪಾಲು. ಮನುಷ್ಯನ ಕಂಠದಲ್ಲಿರುವ ಥೈರಾಯ್ಡ್ ಗ್ರಂಥಿಗೆ ಅದು ಶತ್ರು. ಆ ಮಣ್ಣಿನಲ್ಲಿ ಬೆಳೆದ ಗಡ್ಡೆಯನ್ನು ತಿಂಗಳುಗಟ್ಟಲೆ ತಿಂದವನ ಗತಿ ಹೇಳಬೇಕಾಗಿಲ್ಲ. ಕಾದಂಬರಿ ಪುಸ್ತಕವಾಗುವುದಕ್ಕೆ ಮೂರು ವರ್ಷ ಮುಂಚೆಯೇ ತಿಳಿದುಬಂದ ಈ ಸಂಗತಿ ಅದರೊಳಗೆ ಎಲ್ಲಿಯೂ ಇಲ್ಲ. ದೂರದರ್ಶಕವನ್ನು ಕಣ್ಣಿನಿಂದಲೂ ಕಾಣದ ನಮ್ಮ ರೈತ ಒಂದೇ ಪ್ರಶ್ನೆಯಲ್ಲಿ ಆ ಕೊರತೆಯನ್ನು ಮುಟ್ಟಿದರು.

ಅಷ್ಟೇ ಅಲ್ಲ. ಈ ಲವಣ ನೀರಿನಲ್ಲಿ ಕರಗುತ್ತದೆ, ತೊಳೆದರೆ ಹೋಗುತ್ತದೆ ಎಂದು ನಾನು ಕಾದಂಬರಿಕಾರನ ಪರವಾಗಿ ವಕಾಲತ್ತು ಹಿಡಿದಾಗ ಅವರು ಮರುಪ್ರಶ್ನೆ ಹಾಕಿದರು: “ತೊಳೆದ ನೀರು ಎಲ್ಲಿಗೆ ಬಿಡ್ತಾನ?” ಉತ್ತರ ನನ್ನಲ್ಲಿರಲಿಲ್ಲ. ಮುಚ್ಚಿದ ಬಿಡಾರ, ಇದ್ದ ನೀರನ್ನೇ ಮತ್ತೆ ಮತ್ತೆ ಶುದ್ಧಮಾಡಿ ಕುಡಿಯಬೇಕು. ತೊಳೆಯಲು ಬೇಕಾಗುವ ನೀರೆಷ್ಟು, ಅದಕ್ಕಾಗಿ ಇನ್ನೆಷ್ಟು ಇಂಧನ ಉರಿಸಬೇಕು, ಉಪ್ಪು ತುಂಬಿದ ನೀರು ಕುಡಿಯುವ ನೀರಿಗೆ ಬೆರೆಯದಂತೆ ಏನು ಮಾಡಬೇಕು? ನೋಡಿ, ಇಲ್ಲಿ ಒಂದು ಇಡೀ ಅಧ್ಯಾಯವೇ ಕಳೆದುಹೋಗಿದೆ! ತಪ್ಪು ಹುಡುಕುವ ಚಪಲದಿಂದ ಈ ಮಾತು ಹೇಳುತ್ತಿಲ್ಲ. ಗಾಳಿಯ ಸುಳ್ಳು ಕಾದಂಬರಿಗೆ ಏನನ್ನೋ ಕೊಟ್ಟಿತು; ಮಣ್ಣಿನ ಮರೆವು ಕಾದಂಬರಿಯಿಂದ ಒಂದು ಸಂಕಟವನ್ನು ಕಿತ್ತುಕೊಂಡಿತು. ಸಂಕಟಗಳ ಮೇಲೆಯೇ ನಿಂತ ಕೃತಿಗೆ ಅದು ನಷ್ಟ. ಕಾಲುವೆಯ ಕೆಳಗಿನ ರೈತನೊಬ್ಬ ಕರಡುಪ್ರತಿಯನ್ನು ಕೇಳಿದ್ದರೆ ಕಾದಂಬರಿ ಇನ್ನಷ್ಟು ರೋಚಕವಾಗುತ್ತಿತ್ತೆಂದು ಧೈರ್ಯವಾಗಿ ಹೇಳಬಹುದು.

ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಇದು ಆಶ್ಚರ್ಯವೆನಿಸದು. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊರಿಗೆ ಹಾರುವ ಓತಿಯ ದಾರಿ ತೋರಿಸುವವನು ಜೇನು ಕೀಳುವ ಮಂದಣ್ಣ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಹುಡುಗ. ಕರ್ವಾಲೊರ ಕಣ್ಣಿಗೆ ಹುಟ್ಟು ಪ್ರಕೃತಿಶಾಸ್ತ್ರಜ್ಞ. ನಾವು ಆ ಕಾದಂಬರಿಯನ್ನು ಪಠ್ಯವಾಗಿ ಇಡುತ್ತೇವೆ, ಮಂದಣ್ಣನನ್ನು ಕುರಿತು ಪ್ರಬಂಧ ಬರೆಸುತ್ತೇವೆ. ಪುಸ್ತಕದ ವಿಷಯದಲ್ಲಿ ಮಾತ್ರ ಮಂದಣ್ಣನ ಮಾತು ಕೇಳುವುದಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತರುಣರೊಬ್ಬರ ಆಕ್ಷೇಪವನ್ನು ಇಲ್ಲಿ ಬೇಗನೆ ಹೇಳಿ ಮುಗಿಸುತ್ತೇನೆ. ಕಾದಂಬರಿಯಲ್ಲಿ ಅಮೆರಿಕದ ಅಂತರಿಕ್ಷ ಸಂಸ್ಥೆಯ ಮೇಲಧಿಕಾರಿಯೊಬ್ಬನ ಹೆಸರು ವೆಂಕಟ್ ಕಪೂರ್. ತಿರುಪತಿಯನ್ನೂ ಪಂಜಾಬನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಈ ಹೆಸರಿಗೆ ನಮ್ಮೂರಲ್ಲಿ ನಗದವರಿಲ್ಲ. ಕಷ್ಟಕಾಲದಲ್ಲಿ ಕೈ ನೀಡುವ ದೇಶ ಚೀನಾ. ಭಾರತದ ಸುದ್ದಿಯೇ ಇಲ್ಲ. ದೊಡ್ಡ ಪ್ರಕಾಶಕರು ಈ ಪುಸ್ತಕ ಹೊರತಂದ 2014ರಲ್ಲಿಯೇ, ಸೆಪ್ಟೆಂಬರ್ 24ರಂದು, ನಮ್ಮ ಮಂಗಳಯಾನ ಮೊದಲ ಯತ್ನದಲ್ಲಿಯೇ ಮಂಗಳನ ಕಕ್ಷೆಯನ್ನು ಸೇರಿತು. ಇದು ಅಭಿಮಾನದ ಮಾತು, ಇರಲಿ. ಕೃತಿಯ ಗುಣದೋಷಕ್ಕೂ ಇದಕ್ಕೂ ಸಂಬಂಧ ಕಡಮೆ.

ಹೆಚ್ಚು ಆಳವಾದ ಆಕ್ಷೇಪ ಬಂದದ್ದು ನನ್ನ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳಿಂದ. ಈ ಮನುಷ್ಯ ಅಳುವುದೇ ಇಲ್ಲವಲ್ಲ ಎಂದಳು. ಕೋಟ್ಯಂತರ ಮೈಲಿಗಳಾಚೆ ಒಬ್ಬನೇ ಇದ್ದಾನೆ, ಸಾವು ಬಾಗಿಲಲ್ಲಿ ನಿಂತಿದೆ. ಆದರೂ ದಿನಚರಿಯ ತುಂಬ ವಿನೋದವೇ ವಿನೋದ. ದಳದ ನಾಯಕಿ ಬಿಟ್ಟುಹೋದ ಹಳೆಯ ಡಿಸ್ಕೋ ಹಾಡುಗಳನ್ನು ಬೈಯುತ್ತಾನೆ, ಲೆಕ್ಕ ಹಾಕುತ್ತಾನೆ, ಮತ್ತೊಂದು ಚಟಾಕಿ ಹಾರಿಸುತ್ತಾನೆ. ಬಿಡಾರದ ಒಂದು ಭಾಗ ಸಿಡಿದು ಬೆಳೆಯೆಲ್ಲ ಹೆಪ್ಪುಗಟ್ಟಿ ಸತ್ತ ದಿನವೂ ಬಹಳ ಹೊತ್ತು ದುಃಖಿಸುವುದಿಲ್ಲ. ನಮ್ಮಲ್ಲಿ ಆಲಿಕಲ್ಲು ಬಿದ್ದು ಬೆಳೆ ಹೋದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂದು ಆಕೆಯ ಮಾತು.

ಈ ಮಾತನ್ನು ನಾನು ಒಪ್ಪಿಕೊಳ್ಳುವುದರಲ್ಲಿದ್ದೆ. ಕಾರಂತರ ‘ಬೆಟ್ಟದ ಜೀವ’ ನೆನಪಿಗೆ ಬಂದಿತ್ತು. ಗೋಪಾಲಯ್ಯನೂ ಕಾಡಿನ ನಡುವೆ ನೆಲ ಸವರಿ ತೋಟ ಮಾಡಿದವನೇ; ಅವನೂ ನಗುನಗುತ್ತ ಮಾತಾಡುವವನೇ. ಆದರೆ ಮನೆಬಿಟ್ಟು ಹೋದ ಮಗನ ನೋವು ಆ ನಗುವಿನ ಕೆಳಗೆ ಹರಿಯುತ್ತಿರುವುದು ನಮಗೆ ಕೇಳಿಸುತ್ತದೆ. ವಾಟ್ನಿಯಲ್ಲಿ ಕೆಲಸ ಉಂಟು, ಕೆಲಸದ ಕೆಳಗಿನ ಹರಿವಿಲ್ಲ.

ಅಷ್ಟರಲ್ಲಿ ಅದೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆತಾಯಿಗಳು ವರ್ಷಕ್ಕೆ ಕೆಲವು ತಿಂಗಳು ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋಗುವವರು. “ಫೋನಿನಾಗ ಅವ್ವ ನಗಿಸೇ ನಗಿಸ್ತಾಳ್ರಿ ಸರ. ಶೆಡ್ಡಿನಾಗ ನೀರು ಹೊಕ್ಕದ್ದು ಸೈತ ನಗಿಚಾಟಕಿಯಾಗೇ ಹೇಳ್ತಾಳ. ಅತ್ತರ ನಾನು ಸಾಲಿ ಬಿಟ್ಟು ಬರ್ತೀನಂತ ಆಕಿಗೆ ಗೊತ್ತೈತಿ” ಎಂದ. ತರಗತಿ ಸುಮ್ಮನಾಯಿತು. ವಾಟ್ನಿಯ ದಿನಚರಿ ಅವನ ಅಂತರಂಗವಲ್ಲ, ಯಾರಾದರೂ ಓದಿಯಾರೆಂದು ಬರೆದದ್ದು, ಎಂದರೆ ದೂರದ ಕರೆ. ಅಲ್ಲಿ ನಗುವೇ ಉಳಿದವರಿಗೆ ಕೊಡುವ ಧೈರ್ಯ ಎಂಬ ಈ ಅರ್ಥವನ್ನು ನಾನು ಯಾವ ವಿಮರ್ಶೆಯಲ್ಲಿಯೂ ಓದಿರಲಿಲ್ಲ. ಹುಡುಗ ಅದನ್ನು ಪುಸ್ತಕದಿಂದ ತೆಗೆದನೇ, ತನ್ನ ಬದುಕಿನಿಂದ ತಂದು ಪುಸ್ತಕಕ್ಕೆ ಕೊಟ್ಟನೇ ಎಂದು ಕೇಳಬಹುದು. ಸಹೃದಯನೆಂದರೆ ಎರಡನ್ನೂ ಮಾಡುವವನೇ.

ಆದಾಗ್ಯೂ ವಿದ್ಯಾರ್ಥಿನಿಯ ಆಕ್ಷೇಪ ಪೂರ್ತಿ ಬಿದ್ದುಹೋಗಲಿಲ್ಲವೆಂದೇ ನನ್ನ ಅಭಿಪ್ರಾಯ. ತಾಯಿಯ ನಗು ನಮ್ಮನ್ನು ಅಲುಗಿಸುವುದು, ಫೋನು ಇಟ್ಟ ಮೇಲೆ ಆಕೆ ಏನು ಮಾಡುವಳೆಂದು ನಾವು ಊಹಿಸಬಲ್ಲೆವಾದ್ದರಿಂದ. ಕಾದಂಬರಿಕಾರ ಆ ಊಹೆಗೆ ಒಂದು ಕಿಂಡಿಯನ್ನು ಬಿಡಬೇಕು. ವೀರ್ ಅದನ್ನು ತೆರೆದದ್ದು ಬಹಳ ಅಪರೂಪ. ತಾನು ಸತ್ತರೆ ತನ್ನ ತಂದೆತಾಯಿಗಳನ್ನು ಕಂಡು ಬಾ ಎಂದು ವಾಟ್ನಿ ಸಹಯಾತ್ರಿಗೆ ಬರೆಯುವ ಪತ್ರ ಅಂಥದೊಂದು ಕಿಂಡಿ. ಅಲ್ಲಿ ಬರಹದ ಧಾಟಿಯೇ ಬದಲಾಗುತ್ತದೆ. ಆದರೆ ಪುಟ ತಿರುವುವಷ್ಟರಲ್ಲಿ ಮತ್ತೆ ಚಟಾಕಿ ಶುರುವಾಗುತ್ತದೆ. ಭೂಮಿಯ ಮೇಲಿನ ಅಧಿಕಾರಿಗಳು, ತಂತ್ರಜ್ಞರು ಎಲ್ಲರೂ ಒಂದೇ ಬಾಯಿಂದ ಮಾತಾಡುತ್ತಾರೆಂಬ ದೂರನ್ನಂತೂ ಯಾರೂ ಅಲ್ಲಗಳೆಯಲಾರರು. ಹೆಸರು ಮುಚ್ಚಿದರೆ ಯಾರ ಮಾತು ಯಾರದೆಂದು ಗುರುತಾಗುವುದಿಲ್ಲ.

ಹಾಗಿದ್ದೂ ಜನ ಇದನ್ನು ಕೆಳಗಿಡದೆ ಓದಿದ್ದೇಕೆ? ಖಳನಾಯಕನಿಲ್ಲ, ಕೊಲೆಯಿಲ್ಲ. ಒಂದು ಕೆಟ್ಟಿತು, ಸರಿಪಡಿಸಿದರು, ಇನ್ನೊಂದು ಕೆಟ್ಟಿತು. ಇಷ್ಟರಲ್ಲೇ 549 ದಿನ ಕಳೆಯುತ್ತವೆ. ಇದರ ರುಚಿ ಏನೆಂದು ನಮ್ಮ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಕೆರೆ ಕಣ್ಣೆದುರೇ ಬರಿದಾಗುತ್ತಿತ್ತು. ಗದ್ದೆಗಳಲ್ಲಿ ಪೈರು ನಿಂತಿತ್ತು. ಹರಿಯುವ ನೀರಿನಲ್ಲಿಯೇ ತುಂಡುತುಂಡಾಗಿ ತಡೆಗೇಟು ಇಳಿಸುವ ಉಪಾಯವನ್ನು ಕನ್ನಯ್ಯ ನಾಯ್ಡು ಅವರೂ ಅವರ ಸಂಗಡಿಗರೂ ನಡೆಸಿ ವಾರದೊಳಗೆ ನೀರು ನಿಲ್ಲಿಸಿದರು. ಆ ವಾರವೆಲ್ಲ ಬಳಗಾನೂರು, ಮಸ್ಕಿ, ಸಿಂಧನೂರಿನ ಚಹದಂಗಡಿಗಳಲ್ಲಿ ಜನ ಕಬ್ಬಿಣದ ತೂಕ, ಕ್ರೇನಿನ ಶಕ್ತಿ, ಉಳಿದ ಟಿ.ಎಂ.ಸಿ. ನೀರಿನ ಲೆಕ್ಕವನ್ನು ಮಾತಾಡಿದ ರೀತಿ ಈ ಕಾದಂಬರಿಯ ರೀತಿಯೇ. ಲೆಕ್ಕದ ಹಿಂದೆ ಅನ್ನ ಇದ್ದಾಗ ಲೆಕ್ಕವೂ ರಸವಾಗುತ್ತದೆ. ಇದು ಅದ್ಭುತವೋ ವೀರವೋ ಎಂದು ನಮ್ಮ ಪಂಡಿತರು ತೀರ್ಮಾನಿಸಿಕೊಳ್ಳಲಿ.

ಕನ್ನಡದಲ್ಲಿ ಇಂಥ ಕೃತಿಗಳಿಗೆ ಪೂರ್ವಜರಿಲ್ಲವೆಂದಲ್ಲ. ಪತ್ತೇದಾರಿ ಕಾದಂಬರಿಗಳಿಂದ ಎನ್. ನರಸಿಂಹಯ್ಯನವರು ಎಷ್ಟೋ ಜನರನ್ನು ಓದಿಗೆ ಹಚ್ಚಿದರು. ರಾಜಶೇಖರ ಭೂಸನೂರಮಠರು ‘ಆಪರೇಷನ್ ಯು.ಎಫ್.ಓ.’, ‘ಮನ್ವಂತರ’ ಮೊದಲಾದುವನ್ನು ಬರೆದು ವೈಜ್ಞಾನಿಕ ಕಾದಂಬರಿಗೆ ಕನ್ನಡದಲ್ಲಿ ಒಂದು ನೆಲೆ ಮಾಡಿಕೊಟ್ಟರು. ಆದರೆ ಪಠ್ಯಪಟ್ಟಿಗಳಲ್ಲಿಯೂ ಸಾಹಿತ್ಯಚರಿತ್ರೆಗಳಲ್ಲಿಯೂ ಅವರಿಗೆ ದೊರೆತ ಸ್ಥಳ ಎಷ್ಟೆಂದು ನೋಡಿದರೆ ನಾಚಿಕೆಯಾಗುತ್ತದೆ. ಇತ್ತ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಅಡಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ. ಚಂದ್ರನಾಚೆಗೂ ಕಿವಿಗೊಡುವ 32 ಮೀಟರಿನ ಆಂಟೆನಾ ನಿಂತಿರುವುದು ಬ್ಯಾಲಾಳಿನಲ್ಲಿ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ‘ವಿಕ್ರಮ’ ಸದ್ದಡಗಿದ ರಾತ್ರಿಯೂ, 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದ ಗಳಿಗೆಯೂ ನಡೆದದ್ದು ಕನ್ನಡನಾಡಿನ ರಾಜಧಾನಿಯ ಕೋಣೆಗಳಲ್ಲಿ. ಆ ನಾಲ್ಕು ವರ್ಷಗಳ ನಡುವೆ ಆ ಜನ ಹೇಗೆ ಉಂಡರು, ಮಲಗಿದರು, ಮನೆಯವರೊಡನೆ ಏನು ಮಾತಾಡಿದರು ಎಂದು ಹೇಳುವ ಕಾದಂಬರಿಗೆ ನಮ್ಮೂರ ಗ್ರಂಥಾಲಯದ ಕಪಾಟಿನಲ್ಲಿ ಸ್ಥಳ ಖಾಲಿಯಿದೆ.

ಅಲ್ಲಿಯವರೆಗೆ ‘ದ ಮಾರ್ಷಿಯನ್’ ಕನ್ನಡದಲ್ಲಿ ಓದಸಿಗಬೇಕೆಂದು ಕೇಳುವವರು ನಮ್ಮಲ್ಲಿ ಇದ್ದಾರೆ. ಆ ಕೆಲಸಕ್ಕೆ ಕೈಹಾಕುವವರಿಗೆ ನಮ್ಮ ಓದುಗರ ಪರವಾಗಿ ಒಂದೆರಡು ಸೂಚನೆ ಉಂಟು. ವಾಟ್ನಿಯ ದಿನಚರಿಯನ್ನು ಗ್ರಂಥಸ್ಥ ಕನ್ನಡದಲ್ಲಿ ಬರೆದರೆ ಅದು ಸತ್ತಂತೆಯೇ, ಆಡುಮಾತು ಬೇಕು. ಮಂಗಳನ ದಿನಕ್ಕೆ ಅವನು ಬಳಸುವ ‘ಸೋಲ್’ ಎಂಬ ಮಾತನ್ನು ಹಾಗೆಯೇ ಇಡಬಹುದು, ನಮ್ಮ ದಿನಕ್ಕಿಂತ ಅದು 40 ನಿಮಿಷದಷ್ಟು ಉದ್ದ. ಕನ್ನಡದಲ್ಲಿ ಅದಕ್ಕೆ ಪರಾಜಯದ ಅರ್ಥವೂ ಸೇರಿಕೊಳ್ಳುವುದು ಅದೃಷ್ಟವೇ ಸರಿ, 549 ಸೋಲು ಕಂಡು ಗೆದ್ದವನ ಕತೆಯಲ್ಲವೆ ಇದು? ಹೊಲದ ಅಧ್ಯಾಯಗಳಿಗೆ ಮಾತ್ರ ನಿಘಂಟು ಸಾಲದು. ಮಣ್ಣು ಹದಮಾಡುವುದು, ಹೆಂಟೆ ಒಡೆಯುವುದು, ಕಣ್ಣಿರುವಂತೆ ಗಡ್ಡೆ ಕೊಯ್ದು ನಾಟುವುದು, ಇವಕ್ಕೆ ಕೆಲಸ ಮಾಡುವವರ ಬಾಯಲ್ಲಿ ಇರುವ ಮಾತೇ ಆಗಬೇಕು. ಅನುವಾದಕರು ಒಂದು ವಾರ ಇತ್ತ ಬಂದು ಉಳಿದರೆ ಸವಳಿನ ಪ್ರಶ್ನೆ ಕೇಳಿದ ಹಿರಿಯರು ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗಲು ಸಿದ್ಧರಿದ್ದಾರೆ. ಮಣ್ಣಿನ ಬಗ್ಗೆ ಒಂದು ಅಡಿಟಿಪ್ಪಣಿ ಹಾಕಬೇಕೆಂಬ ಷರತ್ತನ್ನು ಮಾತ್ರ ಮುಂಚೆಯೇ ತಿಳಿಸಿದ್ದಾರೆ.